ಅಂಚಿನ ಹೊರಗಿನ ಕೋಳಿ

ಹಳೆ ಮನೆಯ ಫೋಟೋ ತೆಗೆಯಲು ಯಾರಾದರೂ ಬಂದರೆ ಹಳ್ಳಿಯವರು ಖುಷಿಪಡುತ್ತಾರೆ ಅಂತ ಪೇಟೆಯವರು ತಿಳಿದುಕೊಂಡಿದ್ದಾರೆ. ಸುಳ್ಳು. ಮೊದಲು ಹೆದರುತ್ತಾರೆ. ಕ್ಯಾಮರಾ ಹಿಡಿದವರು ಅಂಗಳಕ್ಕೆ ಕಾಲಿಟ್ಟರೆ ಒಂದೋ ಅವರು ಸರ್ವೆಯವರು, ಇಲ್ಲ ಹಳೆ ಕಂಬ ಬಾಗಿಲು ಕೊಳ್ಳುವ ದಲ್ಲಾಳಿಗಳು, ಅದೂ ಅಲ್ಲದಿದ್ದರೆ ಪಾಲು ಕೇಳುತ್ತಿರುವ ತಮ್ಮ ಕಳಿಸಿದವರು. ನಮ್ಮ ಕಡೆ ಸರ್ವೆಯವರು ಬಂದು ಅಳೆದು ಹೋದ ಮೇಲೆ ಊರಿಗೆ ಊರೇ ನೀರಿನಡಿ ಹೋಗಿದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ. ಹೆದರದೆ ಏನು ಮಾಡುತ್ತಾರೆ.

ಆ ಹೆದರಿಕೆ ಬಿಡಿಸುವುದಕ್ಕೆ ನನ್ನ ಮೊಮ್ಮಗಳಿಗೆ ನಾನು ಬೇಕು. ಅವಳು ಸಾಗರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಭಾನುವಾರ ಬಂತೆಂದರೆ ಕಾರು ತೆಗೆದು ಹಳೆ ಕಟ್ಟಡ ಹುಡುಕಿಕೊಂಡು ಹೊರಡುತ್ತಾಳೆ. ಮುಂದಿನ ಸೀಟಿನಲ್ಲಿ ಎಲೆ ಅಡಿಕೆಯ ಸಂಚಿ ಮಡಿಲಲ್ಲಿಟ್ಟುಕೊಂಡು ನಾನು. ಮುದುಕಿಯೊಬ್ಬಳು ಕಾರಿನಿಂದ ಇಳಿದು ಸೊಂಟ ಹಿಡಿದುಕೊಂಡು ಒಂದು ಲೋಟ ನೀರು ಕೇಳಿದರೆ ಯಾವ ಮನೆಯ ನಾಯಿಯೂ ಹೆಚ್ಚು ಹೊತ್ತು ಬೊಗಳುವುದಿಲ್ಲ. ನೀರು ಬರುತ್ತೆ, ಜೊತೆಗೆ ಬೆಲ್ಲ ಬರುತ್ತೆ, ಯಾವೂರು, ಯಾರ ಮಗಳು, ಎಲ್ಲಿಗೆ ಕೊಟ್ಟಿದ್ದು ಅಂತ ವಿಚಾರಣೆ ಆಗುತ್ತೆ. ನಾನು ಅದಕ್ಕೆಲ್ಲ ಉತ್ತರ ಹೇಳಿ ಮುಗಿಸುವುದರೊಳಗೆ ಅವಳು ಜಗಲಿ ಕಂಬ, ಬಾಗಿಲ ಚೌಕಟ್ಟು, ಅಟ್ಟದ ಏಣಿ ಎಲ್ಲವನ್ನೂ ತೆಗೆದು ಮುಗಿಸಿರುತ್ತಾಳೆ.

ಹೆಗ್ಗೋಡಿನ ಆಚೆ ಒಂದು ದನದ ದೊಡ್ಡಿ ಸಿಕ್ಕಿತು. ಕಂಡವರ ಗದ್ದೆಗೆ ನುಗ್ಗಿದ ದನ ಹಿಡಿದು ಕೂಡಿಹಾಕುತ್ತಿದ್ದ ಕಲ್ಲಿನ ಕಟ್ಟಡ. ಮೊಮ್ಮಗಳು ಸುತ್ತ ತಿರುಗಿ ತಿರುಗಿ ತೆಗೆದಳು. ಕಲ್ಲು ಎಷ್ಟು ಚೆಂದ ಕೂಡಿಸಿದ್ದಾರೆ ನೋಡು ಅಂದಳು. ನಮ್ಮಪ್ಪ ದನ ಬಿಡಿಸಲು ದಂಡದ ಕಾಸಿಲ್ಲದೆ ಅಂಥ ದೊಡ್ಡಿಯ ಮುಂದೆ ಇಡೀ ದಿನ ಕೈಕಟ್ಟಿ ನಿಂತಿದ್ದು ನನಗೆ ಗೊತ್ತು. ಚೆಂದ ಅನ್ನಿಸಲಿಲ್ಲ.

ತೀರ್ಥಹಳ್ಳಿ ಕಡೆ ಇನ್ನೊಂದು ಮನೆ. ಯಾವುದೋ ಹಳೆ ಫೋಟೋದಲ್ಲಿ ಅದರ ಕೆತ್ತನೆ ಕಂಬ ನೋಡಿಕೊಂಡು ಹೋಗಿದ್ದೆವು. ಜಗಲಿಯಲ್ಲಿ ಕಂಬವಿದ್ದ ಜಾಗಕ್ಕೆ ಸಿಮೆಂಟಿನ ಪೈಪು ನಿಲ್ಲಿಸಿದ್ದರು. ಯಜಮಾನ ಪೈಪಿಗೇ ಒರಗಿಕೊಂಡು ಕೂತಿದ್ದ. ಕಂಬ ರೆಸಾರ್ಟಿಗೆ ಹೋಯಿತು, ಅಲ್ಲಿ ಅದಕ್ಕೆ ಎಸಿ ಇದೆಯಂತೆ, ನಾವು ಇಲ್ಲೇ ಸೆಖೆಯಲ್ಲಿ ಉಳಿದೆವು ಅಂದ. ಮೊಮ್ಮಗಳು ಕಾರಿಗೆ ಬಂದು ಕಣ್ಣೊರೆಸಿಕೊಂಡಳು. ನನಗೆ ಅದೂ ಅರ್ಥವಾಗಲಿಲ್ಲ. ಅಂಥ ಮನೆಗಳನ್ನು ನಾನು ಗುಡಿಸಿದ್ದೇನೆ, ಸಾರಿಸಿದ್ದೇನೆ. ಬಾಗಿಲು ಗಿಡ್ಡ, ಅಡುಗೆಮನೆ ಕತ್ತಲೆ, ಹೊಗೆಗೆ ನಮ್ಮಮ್ಮನ ಕಣ್ಣು ಹೋಯಿತು. ಕಂಬ ಹೋಯಿತೆಂದು ಅಳುವವರು ಆ ಕಣ್ಣಿಗೆ ಅಳಲಿಲ್ಲ.

ಮತ್ತೆ ಯಾಕೆ ಹೋಗುತ್ತೀಯ ಅಂತ ಮಗಳು ಕೇಳಿದ್ದಳು. ಮನೆಯಲ್ಲಿ ಕೂತು ಟಿವಿ ನೋಡುವುದಕ್ಕಿಂತ ವಾಸಿ ಅಂತ ಹೋಗುತ್ತಿದ್ದೆ. ಹೊಸನಗರದ ಹೋಟೆಲಿನಲ್ಲಿ ಆ ಹೆಂಚಿನವನು ಸಿಕ್ಕ ಮೇಲೆ ಬೇರೆ ಕಾರಣಕ್ಕೆ ಹೋಗತೊಡಗಿದೆ.

ಮನೆಗಳ ಮಾಡಿನ ಹೆಂಚು ಕೈಯಾಡಿಸಿ ಒಡೆದದ್ದು ಬದಲಿಸುವ ಕೆಲಸ ಅವನದು. ನಮ್ಮ ಪಕ್ಕದ ಬೆಂಚಿನಲ್ಲಿ ಬನ್ಸ್ ತಿನ್ನುತ್ತಿದ್ದ. ಮೊಮ್ಮಗಳು ಹಳೆ ಕಟ್ಟಡ ಎಲ್ಲೆಲ್ಲಿ ಇವೆ ಅಂತ ಹೋಟೆಲಿನವನನ್ನು ಕೇಳುವುದನ್ನು ಕೇಳಿಸಿಕೊಂಡು ತಾನೇ ಮಾತಿಗೆ ಬಂದ. ಮಾಸ್ತಿಕಟ್ಟೆ ಹತ್ತಿರ ಕಾಡೊಳಗೆ ಒಂದು ಮನೆ ಇದೆ, ಈಗ ಭತ್ತ ಬೆಳೆಯೋದಿಲ್ಲ ಅಂತ ಒಳಕೋಣೆಯ ದೊಡ್ಡ ಪಣತ ಕಿತ್ತರು, ಭತ್ತ ತುಂಬುವ ಆ ಮರದ ಪೆಟ್ಟಿಗೆಯ ಹಿಂದೆ ಗೋಡೆ ಮೇಲೆ ಯಾವ ಕಾಲದ್ದೋ ಹಸೆ ಚಿತ್ತಾರ ಹಾಗೇ ಇತ್ತು ಅಂದ. ಹಸೆ ಅಂದರೆ ನಮ್ಮ ಜನ ಮದುವೆಗೆ ಮನೆಯ ಗೋಡೆಗೆ ಬರೆಯುವುದು. ಅಂಥದ್ದು ಹತ್ತು ಕಡೆ ನೋಡಿದ್ದೆವು. ನಾನು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದೆ.

"ಚಿತ್ತಾರ ಸರಿ, ಅದ್ರ ಅಂಚಿನ ಹೊರಗೆ ಮೂಲೇಲಿ ಒಂದು ಕೋಳಿ ಬೇರೆ" ಅಂದ.

ಎಲೆ ಕೈಯಲ್ಲೇ ನಿಂತಿತು. "ಕೋಳಿಗೆ ಕಾಲು ಹೆಂಗಿತ್ತು?" ಅಂತ ಕೇಳಿದೆ.

"ಕಾಲಾ? ಒಂದು ಉದ್ದ, ಒಂದು ಮೋಟು. ಯಾಕಜ್ಜಿ, ಖರೀದಿ ಮಾಡ್ತೀರಾ?"

ಹೋಟೆಲಿನವರೆಲ್ಲ ನಕ್ಕರು. ನಾನು ಆ ಮನೆಯ ಮುಂದೆ ಏನೇನಿದೆ ಅಂತ ಕೇಳಿದೆ. ಕಲ್ಲಿನ ಕಟ್ಟೆ, ಎರಡು ಹಲಸಿನ ಮರ, ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಮೇಲಿಂದ ಹರಿದು ಬರುವ ನೀರು. ಅದು ನನ್ನ ಅಕ್ಕನನ್ನು ಕೊಟ್ಟ ಮನೆ.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವಳನ್ನು ಕೊಟ್ಟಾಗ ನಾನು ಲಂಗ ಎತ್ತಿ ಕಟ್ಟಿಕೊಂಡು ಹಳ್ಳದಲ್ಲಿ ಆಡುವ ಹುಡುಗಿ. ಗಂಡನ ಮನೆಗೆ ಹೋಗುವಾಗ ಅಮ್ಮ ಅವಳ ಕೈಗೆ ಒಂದು ಕಪ್ಪು ಹೇಂಟೆ ಕೊಟ್ಟಳು. ಮರಿಯಾಗಿದ್ದಾಗ ಒರಳಿನ ಕೆಳಗೆ ಸಿಕ್ಕಿ ಅದರ ಒಂದು ಕಾಲು ಮೋಟಾಗಿತ್ತು. ಮೊಟ್ಟೆ ಮಾತ್ರ ಚೆನ್ನಾಗಿ ಇಡುತ್ತಿತ್ತು. ಕೊಡುವುದಕ್ಕೆ ನಮ್ಮ ಮನೆಯಲ್ಲಿ ಬೇರೆ ಏನೂ ಇರಲಿಲ್ಲ. ಗೇಣಿ ಅಳೆದು ಕೊಟ್ಟ ಮೇಲೆ ನಮಗೆ ಉಳಿಯುತ್ತಿದ್ದುದು ಹುಲ್ಲು.

ಅವಳ ನಾದಿನಿಯ ಮದುವೆ ಬಂತು. ಕೆಲಸಕ್ಕೆ ಒಂದು ಕೈ ಆಗುತ್ತೆ ಅಂತ ನನ್ನನ್ನು ಕರೆಸಿಕೊಂಡರು. ಹಸೆ ಬರೆಯುವುದು ಅಕ್ಕನ ಪಾಲಿಗೆ ಬಂತು. ಗೋಡೆಗೆ ಕೆಮ್ಮಣ್ಣು ಬಳಿದಳು. ಅಕ್ಕಿ ನೆನೆಸಿ ಅರೆದು ಬಿಳಿ ಮಾಡಿದಳು, ಅಕ್ಕಿಯನ್ನೇ ಸೀದು ಹೋಗುವಂತೆ ಹುರಿದು ಕಪ್ಪು ಮಾಡಿದಳು. ಪುಂಡಿ ನಾರಿನ ಕುಂಚ ಹಿಡಿದು ಅವಳು ಎಳೆ ಎಳೆದರೆ ಹಗ್ಗ ಹಿಡಿದು ಎಳೆದ ಹಾಗೆ ನೇರ. ನಾನು ಬಟ್ಟಲು ಹಿಡಿದು ನಿಂತಿರುತ್ತಿದ್ದೆ.

ಮದುವೆಯ ಹಿಂದಿನ ದಿನ ನೆಂಟರು ಬಂದರು. ಅಕ್ಕನ ಅತ್ತೆ ಆ ಕುಂಟು ಹೇಂಟೆಯನ್ನು ಹಿಡಿಸಿದಳು. ಮನೆಯಲ್ಲಿ ಬೇರೆ ಕೋಳಿಗಳಿದ್ದವು. ಕುಂಟು ಕೋಳಿ ಇಟ್ಟುಕೊಂಡು ಏನು ಲಾಭ ಅಂದಳಂತೆ. ಪುಕ್ಕ ತೆಗೆದವಳೂ ಅಕ್ಕನೇ, ಮಸಾಲೆ ಅರೆದವಳೂ ಅಕ್ಕನೇ. ಬಡಿಸಿದಳು. ಎಲ್ಲರೂ ಊಟ ಮಾಡಿ ಎದ್ದ ಮೇಲೆ ಒಳಗೆ ಹೋಗಿ, ಬಟ್ಟಲಲ್ಲಿ ಉಳಿದಿದ್ದ ಕಪ್ಪಿನಲ್ಲಿ ಹಸೆಯ ಅಂಚಿನ ಹೊರಗೆ, ನೆಲದ ಹತ್ತಿರ, ಒಂದು ಕೋಳಿ ಬರೆದಳು. ಒಂದು ಕಾಲು ಉದ್ದ, ಒಂದು ಮೋಟು. ನಾನು ನೋಡುತ್ತಾ ನಿಂತಿದ್ದೆ.

ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೆ. ಶುಭದ ಗೋಡೆಗೆ ಇದನ್ನು ಯಾರು ಗೀಚಿದ್ದು ಅಂತ ಕೂಗಾಡಿದಳು. ಅಕ್ಕ ನನ್ನ ಕಡೆ ಕೈ ತೋರಿಸಿ, ಮಗು ಗೀಚಿತು ಅತ್ತೆ, ನಾನು ನೋಡಲಿಲ್ಲ ಅಂದಳು. ನೆಂಟರ ಎದುರು ನನ್ನ ಕೆನ್ನೆಗೆ ಬಿತ್ತು. ಬರೆದ ಹಸೆಯ ಮೇಲೆ ನೀರು ತಾಗಿಸಬಾರದು ಅಂತ ಕೋಳಿ ಹಾಗೇ ಉಳಿಯಿತು. ಮದುವೆ ಮುಗಿದ ಮೇಲೆ ಆ ಗೋಡೆಗೆ ಪಣತ ತಂದು ನಿಲ್ಲಿಸಿದರು. ಊರಿಗೆ ಹೊರಡುವಾಗ ಅಕ್ಕ ನನ್ನ ಕೈಗೆ ಎರಡು ಬಾಳೆಹಣ್ಣು ಇಟ್ಟಳು. ಅಷ್ಟೇ. ಕೆನ್ನೆಯ ವಿಚಾರ ಎತ್ತಲಿಲ್ಲ.

ಆಮೇಲೆ ನಾನು ಅವಳನ್ನು ನೋಡಿದ್ದು ಹೆಣವಾಗಿ. ಹೆರಿಗೆಗೆ ಮಗು ಅಡ್ಡ ಬಂತು. ಗಾಡಿ ಕಟ್ಟಿ ಹೊಸನಗರಕ್ಕೆ ಒಯ್ಯಬೇಕಿತ್ತು. ಗಾಡಿ ಭತ್ತ ಹೊರುವುದಕ್ಕೆ ಹೋಗಿತ್ತು, ಬರಲಿ ಅಂತ ಕಾದರು. ಮಗುವೂ ಇಲ್ಲ, ಅವಳೂ ಇಲ್ಲ. ವರ್ಷ ತುಂಬುವುದರೊಳಗೆ ಬಾವ ಇನ್ನೊಂದು ಮದುವೆಯಾದ. ಅಪ್ಪ ಆ ದಿಕ್ಕಿಗೆ ಹೋಗುವುದನ್ನು ಬಿಟ್ಟ, ನಮಗೂ ಬಿಡಿಸಿದ.

ಅಕ್ಕನದೊಂದು ಫೋಟೋ ಇಲ್ಲ. ನಮ್ಮಂಥವರ ಮದುವೆಗೆ ಆಗ ಫೋಟೋದವರು ಬರುತ್ತಿರಲಿಲ್ಲ. ಅವಳ ಸೀರೆ, ಬಳೆ, ಮೂಗುಬೊಟ್ಟು ಎಲ್ಲ ಎರಡನೆಯವಳಿಗೆ ಹೋಯಿತು. ಹಸೆಯ ವಿಚಾರಕ್ಕೆ ಬಂದರೆ, ಅದನ್ನು ಎಲ್ಲರೂ ಬರೆಯುತ್ತಾರೆ. ಅಮ್ಮ ಬರೆದದ್ದನ್ನೇ ಮಗಳು ಬರೆಯುವುದು, ಅದೇ ಎಳೆ, ಅದೇ ಅಂಚು. ಕೋಳಿ ಮಾತ್ರ ಅವಳದು. ಅವಳು ಈ ಲೋಕದಲ್ಲಿ ತನ್ನ ಮನಸ್ಸಿನಿಂದ ಮಾಡಿದ್ದು ಅದೊಂದೇ ಅಂತ ನನಗೆ ಗೊತ್ತು. ಅದರ ಫೋಟೋ ನನಗೆ ಬೇಕಿತ್ತು. ಮನೆಗೆ ತಂದು ದೇವರ ಗೂಡಿನ ಪಕ್ಕ ಹಾಕಬೇಕು ಅಂತಿದ್ದೆ.

ಮೊಮ್ಮಗಳಿಗೆ ಎಲ್ಲ ಹೇಳಿದೆ. ಮುಂದಿನ ಭಾನುವಾರವೇ ಹೋಗೋಣ, ಹೇಳದೆ ಕೇಳದೆ ಹೋಗಿ ಯಾವತ್ತಿನ ಹಾಗೆ ನೀರು ಕೇಳೋಣ ಅಂದೆ. ಅವಳು ತಲೆಯಾಡಿಸಿದಳು.

ಕಾರ್ತಿಕದ ಬಿಸಿಲು. ಹೊಸನಗರ ದಾಟಿ, ನಗರ ಎಂಬ ಊರು ದಾಟಿ, ಕಾಡಿನ ದಾರಿ ಹಿಡಿದಿದ್ದೆವು. ಎಡಗಡೆ ಮರಗಳ ಸಂದಿಯಲ್ಲಿ ಅಣೆಕಟ್ಟಿನ ನೀರು ಆಗಾಗ ಹೊಳೆಯುತ್ತಿತ್ತು. ಮೊಮ್ಮಗಳು ಹಾಡು ಸಣ್ಣಗೆ ಮಾಡಿ, ಒಳ್ಳೆ ಸುದ್ದಿ ಹೇಳುವವಳ ಹಾಗೆ ಹೇಳಿದಳು.

"ಅಜ್ಜಿ, ಆ ಮನೆ ನಂಬರ್ ಸಿಕ್ತು. ಹೇಳದೆ ಹೋದ್ರೆ ಚೆನ್ನಾಗಿರಲ್ಲ ಅಂತ ಫೋನ್ ಮಾಡಿದ್ದೆ. ಹಳೆ ಹಸೆ ಗೋಡೆ ಫೋಟೋ ತೆಗೀಬೇಕು, ನಮ್ಮಜ್ಜಿನೂ ಬರ್ತಾರೆ, ನಿಮ್ಮನೆಗೆ ಮೊದಲು ಕೊಟ್ಟಿದ್ರಲ್ಲ, ಅವರ ತಂಗಿ ಅಂದೆ. ಎಷ್ಟು ಒಳ್ಳೆಯವ್ರು ಗೊತ್ತಾ? ಬನ್ನಿ ಬನ್ನಿ, ಅಷ್ಟರೊಳಗೆ ಎಲ್ಲ ಚೊಕ್ಕ ಮಾಡಿಡ್ತೀವಿ ಅಂದ್ರು."

"ಯಾವಾಗ ಮಾಡಿದ್ದು ಫೋನು?"

"ಸೋಮವಾರ. ಯಾಕೆ?"

ನೆಂಟರು ಬರುತ್ತಾರೆ, ಅದೂ ಗೋಡೆ ನೋಡುವುದಕ್ಕೇ ಬರುತ್ತಾರೆ, ಫೋಟೋ ಬೇರೆ ತೆಗೆಯುತ್ತಾರೆ ಅಂದರೆ ನಮ್ಮ ಜನ ಏನು ಮಾಡುತ್ತಾರೆ ಅಂತ ನನಗೆ ಗೊತ್ತಿಲ್ಲವೆ. ಹಳೆ ಗೋಡೆಯನ್ನು ಹಳೆಯದಾಗಿ ತೋರಿಸುವ ಹೆಂಗಸು ಈ ಮೂರು ತಾಲೂಕಿನಲ್ಲಿ ಹುಟ್ಟಿಲ್ಲ. ಹೊಗೆ ಹಿಡಿದ, ಸಿಪ್ಪೆ ಎದ್ದ ಗೋಡೆ ಯಾರಾದರೂ ನೋಡಿದರೆ ಮಾನ ಹೋದ ಹಾಗೆ. ನನ್ನ ಮನೆಗೆ ಹಾಗೆ ಯಾರಾದರೂ ಬರುತ್ತೇನೆ ಅಂದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಫೋನ್ ಹಚ್ಚು, ಗೋಡೆ ಮುಟ್ಟಬೇಡಿ ಅಂತ ಹೇಳು ಅಂದೆ. ಅವಳು ಫೋನ್ ತಿರುಗಿಸಿ ತೋರಿಸಿದಳು. ಆ ಕಾಡಲ್ಲಿ ನೆಟ್‌ವರ್ಕ್ ಇಲ್ಲ. ಜೋರಾಗಿ ಓಡಿಸು ಅಂದೆ. ತಿರುವಿನ ರಸ್ತೆ ಅಜ್ಜಿ, ಜೋರು ಮಾಡಿದ್ರೆ ಸೀದಾ ಆ ನೀರಿಗೇ ಹೋಗ್ತೀವಿ ಅಂದಳು. ಅವಳು ಹೇಳಿದ್ದೂ ಸರಿ. ಸೋಮವಾರದಿಂದ ಭಾನುವಾರದವರೆಗೆ ಆಗದ್ದು ಅರ್ಧ ಗಂಟೆ ಬೇಗ ಹೋದರೆ ತಪ್ಪುತ್ತದೆಯೆ.

ಕಲ್ಲಿನ ಕಟ್ಟೆ ಇತ್ತು. ಹಲಸಿನ ಮರ ಒಂದೇ ಉಳಿದಿತ್ತು. ಬಾಗಿಲಲ್ಲಿ ನಗುತ್ತಾ ನಿಂತಿದ್ದವಳು ಈಗಿನ ಮನೆಯೊಡತಿ. ಬಾವನ ಎರಡನೇ ಹೆಂಡತಿಯ ಮಗನ ಹೆಂಡತಿ. ಬಾವನೂ ಇಲ್ಲ, ಆ ಎರಡನೆಯವಳೂ ಇಲ್ಲ, ಇವಳ ಗಂಡ ಹೋಬಳಿ ಪೇಟೆಗೆ ಹೋಗಿದ್ದ. ಬನ್ನಿ ಚಿಕ್ಕಮ್ಮ ಅಂತ ಕಾಲಿಗೆ ನೀರು ಕೊಟ್ಟಳು. ಚೊಂಬು ಹಿಡಿದ ಕೈ ನೋಡಿದೆ. ಉಗುರಿನ ಸಂದಿಯಲ್ಲೆಲ್ಲ ಕೆಂಪು.

ಜಗಲಿ ಹತ್ತುವಾಗಲೇ ಮೂಗಿಗೆ ಗೊತ್ತಾಯಿತು. ಹಸಿ ಕೆಮ್ಮಣ್ಣಿನ ವಾಸನೆ.

ಒಳಕೋಣೆಯಲ್ಲಿ ಬಲ್ಬು ಹಾಕಿದಳು. ಗೋಡೆ ಹೊಸ ಮದುಮಗಳ ಹಾಗೆ ನಿಂತಿತ್ತು. ಕೆಂಪಿನ ಮೇಲೆ ಬಿಳಿ ಹಸೆ, ಸುತ್ತ ಅಂಚು, ಒಳಗೆ ಮದುಮಕ್ಕಳು, ಮೇಲೆ ತೆನೆ. ನೆರೆಯ ಇಬ್ಬರು ಹೆಂಗಸರೂ ನೋಡಲು ಬಂದು ಕೂತಿದ್ದರು. ಅಂಚಿನ ಎಳೆ ಸ್ವಲ್ಪ ದಪ್ಪ, ಆದರೆ ಕೈ ಒಳ್ಳೆಯ ಕೈ. ಕೆಟ್ಟದಾಗಿದೆ ಅಂತ ಹೇಳುವ ಹಾಗಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಅವಳು ಹೇಳುತ್ತಾ ಹೋದಳು. ಈಗ ಮದುವೆಯೆಲ್ಲ ಛತ್ರದಲ್ಲಿ, ಅಲ್ಲಿ ಫ್ಲೆಕ್ಸು ಕಟ್ಟುತ್ತಾರೆ, ಹಸೆ ಬರಿ ಅಂತ ಅವಳನ್ನು ಯಾರೂ ಕೇಳಿ ಎಷ್ಟೋ ವರ್ಷ ಆಗಿತ್ತಂತೆ. ಫೋಟೋದವರು ಬರುತ್ತಾರೆ ಅಂದ ಕೂಡಲೇ ಗಂಡನನ್ನು ಕಾಡಿಗೆ ಕಳಿಸಿ ಮಣ್ಣು ತರಿಸಿದಳಂತೆ. ತೆಂಗಿನ ಚಿಪ್ಪಿನಲ್ಲಿ ಹಳೆಯದನ್ನೆಲ್ಲ ಕೆರೆದು, ತೊಳೆದು, ಮೆತ್ತಿ, ಬರೆದು ಮುಗಿಸಿದ್ದು ನಿನ್ನೆ ಸಂಜೆ. ಬೆನ್ನು ಬಿದ್ದುಹೋಗಿದೆ ಚಿಕ್ಕಮ್ಮ ಅಂತ ನಕ್ಕಳು.

ಮೊಮ್ಮಗಳು ಕ್ಯಾಮರಾ ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಕೆಳಗೆ ಹಳೆಯದು ಇನ್ನೂ ಇರಬಹುದಾ ಅಂತ ಮೆಲ್ಲಗೆ ಕೇಳಿದಳು. ಚಿಪ್ಪಿನಲ್ಲಿ ಕೆರೆದ ಮೇಲೆ ಏನಿರುತ್ತೆ. ಅಕ್ಕಿಹಿಟ್ಟು ಅದು, ಕಲ್ಲಿನಲ್ಲಿ ಕೆತ್ತಿದ್ದಲ್ಲ.

"ಮೂಲೇಲಿ ಒಂದು ಕೋಳಿ ಇತ್ತಲ್ಲ" ಅಂತ ನಾನೇ ಕೇಳಿದೆ.

ಅವಳ ನಗು ಇನ್ನೂ ಅಗಲವಾಯಿತು. "ನೀವೇ ಗೀಚಿದ್ದಂತೆ ಅಲ್ವಾ ಚಿಕ್ಕಮ್ಮ, ಸಣ್ಣೋರಿದ್ದಾಗ? ನಮ್ಮತ್ತೆಗೆ ಅವರತ್ತೆ ಹೇಳಿದ್ರಂತೆ. ನೀವೇ ಬರ್ತೀರಿ ಅಂತ ಗೊತ್ತಾದ್ಮೇಲೆ ನಿಮಗೆ ಮುಜುಗರ ಆಗ್ಬಾರ್ದು ಅಂತ ಅದನ್ನೇ ಮೊದಲು ಕೆರೆದು ತೆಗೆದೆ."

ಅಕ್ಕ ಅವತ್ತು ಒಂದು ಏಟು ತಪ್ಪಿಸಿಕೊಳ್ಳುವುದಕ್ಕೆ ಹೇಳಿದ ಸುಳ್ಳು. ಒಬ್ಬ ಅತ್ತೆಯಿಂದ ಇನ್ನೊಬ್ಬ ಅತ್ತೆಗೆ, ಅಲ್ಲಿಂದ ಸೊಸೆಗೆ, ಒಂದಕ್ಷರ ಕೆಡದೆ ಆ ಮನೆಯಲ್ಲಿ ಉಳಿದುಕೊಂಡು ಬಂದಿತ್ತು. ಕೋಳಿ ಉಳಿಯಲಿಲ್ಲ.

"ಗೀಚಿದ್ದು ನಾನಲ್ಲ. ನಮ್ಮಕ್ಕ. ಅದನ್ನ ನೋಡ್ಲಿಕ್ಕೇ ನಾನು ಬಂದಿದ್ದು. ಈ ನಿನ್ನ ಬಣ್ಣ ನೋಡ್ಲಿಕ್ಕಲ್ಲ."

ನೆರೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಮ್ಮಗಳು ನನ್ನ ತೋಳು ಹಿಡಿದಳು. ನಾನು ಬಿಡಿಸಿಕೊಂಡೆ. ಆ ಹೆಂಗಸಿನ ನಗು ಹೋಯಿತು, ಆದರೆ ಅವಳು ಅಳುವ ಜಾತಿಯವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಎದುರು ನೇರ ನಿಂತಳು.

"ಅಂತ ನಮಗೆ ಯಾರು ಹೇಳ್ಬೇಕಿತ್ತು ಚಿಕ್ಕಮ್ಮ? ಅವರು ಸತ್ತ ಮೇಲೆ ನಿಮ್ಮ ಕಡೆಯ ಒಂದು ನಾಯಿ ಈ ಅಂಗಳಕ್ಕೆ ಬಂದಿಲ್ಲ. ವರ್ಷ ವರ್ಷ ಅವರಿಗೆ ಎಡೆ ಇಡೋಳು ನಾನು. ಮೊದಲನೆಯವರು, ಹೆರಿಗೇಲಿ ಹೋದವರು, ಬಿಡಬಾರ್ದು ಅಂತ ನಮ್ಮತ್ತೆ ಇಡ್ತಿದ್ರು, ನಾನೂ ಇಡ್ತೀನಿ. ಹೆಸರು ಗೊತ್ತಿಲ್ಲ. ದೊಡ್ಡತ್ತೆ ಅಂತ ಹೇಳಿ ಇಡ್ತೀನಿ. ನೀವು ಇವತ್ತು ಬಂದು ಕೋಳಿ ಕೇಳ್ತೀರಿ."

ಅಪ್ಪ ಬಿಡಿಸಿದ್ದ, ನಿಜ. ಅಪ್ಪ ಹೋಗಿ ಎಷ್ಟು ಕಾಲವಾಯಿತು. ಆ ಮನೆಯವರು ಅಕ್ಕನನ್ನು ಕೊಂದರು ಅಂತ ನಾವು ಇಲ್ಲಿ ಕೂತು ಬಯ್ಯುತ್ತಿದ್ದಷ್ಟು ಕಾಲ ಅಲ್ಲಿ ಅವರ ಸೊಸೆಯಂದಿರು ಅವಳಿಗೆ ಎಲೆ ಹಾಕಿ ಬಡಿಸುತ್ತಿದ್ದರು. ಅದು ಗೊತ್ತಾಗಿ ನನಗೆ ಸಮಾಧಾನ ಆಗಲಿಲ್ಲ. ಬಯ್ಯುವುದಕ್ಕೆ ಒಂದು ಮನೆ ಇತ್ತು, ಅದೂ ಕೈತಪ್ಪಿತು ಅನ್ನಿಸಿತು. ಅಕ್ಕನ ಹೆಸರು ಹೇಳಿದೆ. ಅವಳು ಒಂದು ಸಲ ತಾನೂ ಹೇಳಿ ನೋಡಿದಳು.

ನಮಗೆ ಅಂತ ಕೋಳಿ ಕೊಯ್ದು ಕಡುಬು ಬೇಯಿಸಿದ್ದಳು. ಉಣ್ಣದೆ ಎದ್ದು ಬಂದರೆ ಅವಳ ಅಡುಗೆ ಎತ್ತಿ ಎಸೆದ ಹಾಗೆ. ಕೂತು ಉಂಡೆ. ಸಾರು ಚೆನ್ನಾಗಿತ್ತು. ಮೊಮ್ಮಗಳು ಎಲೆಯಲ್ಲೇ ಬಿಟ್ಟಳು. ನಾನು ಬಿಡಲಿಲ್ಲ.

ಹೊರಡುವ ಹೊತ್ತಿಗೆ ಅವಳು ಒಳಗಿನಿಂದ ಒಂದು ಬಟ್ಟಲು, ಪುಂಡಿ ಕುಂಚ ತಂದು ನನ್ನ ಮುಂದೆ ಇಟ್ಟಳು. ಬಟ್ಟಲ ತಳದಲ್ಲಿ ಕಪ್ಪು ಇನ್ನೂ ಇತ್ತು. ಜಾಗ ನನಗೆ ಗೊತ್ತು, ತೋರಿಸ್ತೀನಿ, ನೀವೇ ಒಂದು ಬರೆದುಬಿಡಿ, ನಾನು ಇನ್ನು ಆ ಗೋಡೆಗೆ ಕೈ ಹಚ್ಚೋದಿಲ್ಲ ಅಂದಳು. ಮಾತಲ್ಲಿ ಇನ್ನೂ ಸಿಟ್ಟಿತ್ತು, ಆದರೆ ಸುಳ್ಳಿರಲಿಲ್ಲ. ಮೊಮ್ಮಗಳ ಕಣ್ಣು ಹೊಳೆಯಿತು. ಬರಿ ಅಜ್ಜಿ ಅಂದಳು, ಕ್ಯಾಮರಾ ಎತ್ತಿಯೂಬಿಟ್ಟಳು.

"ನನಗೆ ಕೋಳಿ ಬರೆಯಕ್ಕೆ ಬರಲ್ಲ. ಅವತ್ತೂ ಬರ್ತಿರ್ಲಿಲ್ಲ" ಅಂದೆ. ಬಟ್ಟಲನ್ನು ಅವಳ ಕಡೆಗೇ ಸರಿಸಿದೆ. ನಾನು ಬರೆದಿದ್ದರೆ ಆ ಸುಳ್ಳೇ ನಿಜವಾಗಿಬಿಡುತ್ತಿತ್ತು. ಮುಂದೆ ಬರುವ ಸೊಸೆಗೆ ಅವಳು ಹೇಳುತ್ತಿದ್ದಳು, ಇದು ದೊಡ್ಡತ್ತೆಯ ತಂಗಿ ಬರೆದ ಕೋಳಿ ಅಂತ.

ಬರುವಾಗ ನಗರ ದಾಟಿದ ಮೇಲೆ ಮೊಮ್ಮಗಳು, ನನ್ನಿಂದ ಆಯ್ತು ಅಜ್ಜಿ ಅಂದಳು. ಹೌದು, ನಿನ್ನಿಂದಲೇ ಆಯಿತು ಅಂದೆ. ಇಲ್ಲ ಮಗಾ ಅಂತ ಸಮಾಧಾನ ಹೇಳಬಹುದಿತ್ತು. ಹೇಳಿದರೆ ನಂಬುತ್ತಿದ್ದಳು, ಮತ್ತೊಂದು ಮನೆಗೆ ಫೋನ್ ಮಾಡುತ್ತಿದ್ದಳು.

ಆ ಹೊಸ ಗೋಡೆಯ ಫೋಟೋ ಅವಳು ಫೋನಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದಳು. ಮನೆಯವಳು ಹಾಕಿ ಅಂತ ಕೇಳಿದ್ದಳಂತೆ. ಜನ ಬಹಳ ಮೆಚ್ಚಿದರಂತೆ. ಎಷ್ಟು ಹಳೆಯದು, ಇನ್ನೂ ಹೇಗೆ ಉಳಿದಿದೆ ಅಂತ ಬರೆದರಂತೆ. ಓದಿ ಹೇಳಿದಳು. ಸಾಕು ಮುಚ್ಚು ಅಂದೆ.

ಈಗಲೂ ಭಾನುವಾರ ಹೋಗುತ್ತೇವೆ. ಆದರೆ ಯಾರಿಗೂ ಹೇಳಿ ಹೋಗುವುದಿಲ್ಲ. ಹೋದ ವಾರ ತೀರ್ಥಹಳ್ಳಿ ದಾರಿಯ ಒಂದು ಮನೆಯಲ್ಲಿ ಒಬ್ಬಳು ಮುದುಕಿ ನಮ್ಮನ್ನು ಕಂಡು ಗಡಬಡಿಸಿ ಪೊರಕೆ ಹಿಡಿದಳು. ಮುಂಚೆ ಒಂದು ಮಾತು ಹೇಳಿ ಬರಬಾರದಿತ್ತೇ, ಮನೆಯೆಲ್ಲ ಕಸ, ಗೋಡೆಯೆಲ್ಲ ಮಸಿ ಅಂತ ನನ್ನನ್ನು ಬೈದಳು. ಬೈಸಿಕೊಂಡೆ. ಅವಳ ಕೈಯಿಂದ ಪೊರಕೆ ಕಿತ್ತು ನನ್ನ ಕುಂಡೆಯಡಿ ಹಾಕಿಕೊಂಡು ಜಗಲಿಯಲ್ಲಿ ಕೂತೆ. ಮೊಮ್ಮಗಳಿಗೆ, ನೀನು ಒಳಗೆ ಹೋಗಿ ತೆಗಿ ಅಂದೆ.